ಬಟ್ಟೆಯ ಉಲ್ಟಾ ಕಡೆ ನೋಡಿ

ಬೆಂಗಳೂರಿನ ಹೊಸ ಕೆಫೆಗಳಲ್ಲಿ ಕೈ ತೊಳೆಯಲು ಹೋದರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಲಿಗೆ ಮಿಷನ್ನಿನ ಎರಕದ ಸ್ಟ್ಯಾಂಡು, ಅದರ ಮೇಲೊಂದು ಗ್ರಾನೈಟ್ ಹಾಸು, ಹಾಸಿನ ನಡುವೆ ಬೇಸಿನ್ನು. ಪೆಡಲ್ ಅಲುಗದಂತೆ ವೆಲ್ಡಿಂಗ್ ಮಾಡಿಬಿಟ್ಟಿರುತ್ತಾರೆ. ತಲೆಭಾಗವನ್ನು ಬೇರ್ಪಡಿಸಿ, ತಾಮ್ರದ ಬಣ್ಣ ಬಳಿದು, ಕಪಾಟಿನಲ್ಲಿ ಗ್ರಾಮಫೋನಿನ ಪಕ್ಕಕ್ಕೆ ಇಟ್ಟಿರುತ್ತಾರೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ‘ವಿಂಟೇಜ್’ ಎನ್ನುತ್ತಾರೆ. ಯಂತ್ರಗಳನ್ನು ಅಷ್ಟೊಂದು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟು, ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಅದೂ ಒಂದು ಎಂದಿದ್ದರು. ಅಂಥ ಯಂತ್ರಕ್ಕೆ ಬೇಸಿನ್ ಹೊರಿಸುವುದನ್ನು ನಾನು ಸಹಿಸಲಾರೆ.

ಹಾಗಾಗಿ ಈ ಬರಹ ಮನೆಯಲ್ಲಿ ಕೂತು ಹೊಲಿಯಬೇಕೆಂದು ಹಳೆಯ ಮಿಷನ್ ಹುಡುಕುವವರಿಗೆ. ಶೋಕೇಸಿಗೆ ಬೇಕಾದವರು ಬೇರೇನಾದರೂ ಕೊಳ್ಳಲಿ. ಸೂಜಿಗೆ ದಾರ ಪೋಣಿಸುವುದು, ಬಾಬಿನ್ ಸುತ್ತುವುದು ಇವನ್ನೆಲ್ಲ ನಾನು ಹೇಳಿಕೊಡುವುದಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿ, ಅವರಿಗೆ ಖುಷಿಯಾಗುತ್ತದೆ.

ಕೊಳ್ಳಲು ಬರುವ ಬಹುತೇಕರು ಮೂರೇ ವಿಷಯ ಕೇಳುತ್ತಾರೆ: ಎಷ್ಟು ಹಳೆಯದು, ಮೈಮೇಲಿನ ಚಿನ್ನದ ಹೂಬಳ್ಳಿ ಅಳಿಸಿದೆಯೇ, ಮುಂದೆ ಎಷ್ಟಕ್ಕೆ ಹೋಗುತ್ತದೆ. ಈ ಮೂರಕ್ಕೂ ಹೊಲಿಗೆಗೂ ಸಂಬಂಧವಿಲ್ಲ. ಹಳೆಯದಾದಷ್ಟೂ ಬೆಲೆಬಾಳುತ್ತದೆ ಎಂಬ ನಂಬಿಕೆ ಎಲ್ಲಿಗೆ ಮುಟ್ಟಬಹುದೆಂದು 2009ರಲ್ಲಿ ಸೌದಿ ಅರೇಬಿಯಾದಲ್ಲಿ ಕಂಡಿತು. ಹಳೆಯ ಸಿಂಗರ್ ಮಿಷನ್ನಿನ ಸೂಜಿಯಲ್ಲಿ ಕೆಂಪು ಪಾದರಸವೆಂಬ ಬೆಲೆಬಾಳುವ ವಸ್ತುವಿದೆ, ಮೊಬೈಲ್ ಫೋನನ್ನು ಹತ್ತಿರ ಹಿಡಿದರೆ ಫೋನು ಸತ್ತುಹೋಗುವುದೇ ಅದರ ಗುರುತು ಎಂಬ ವದಂತಿ ಹಬ್ಬಿ, ಮೂಲೆಯಲ್ಲಿ ಬಿದ್ದಿದ್ದ ಮಿಷನ್‌ಗಳಿಗೆ ಸಾವಿರಗಟ್ಟಲೆ ರಿಯಾಲ್ ಬೆಲೆ ಬಂತು. ಅವುಗಳ ಸೂಜಿಯಡಿಗೆ ಒಂದು ತುಂಡು ಬಟ್ಟೆ ಇಟ್ಟು ನೋಡಿದವರು ಎಷ್ಟು ಜನರೋ.

ನಾನೂ ಹುಡುಗುತನದಲ್ಲಿ ಚಿನ್ನದ ಬಳ್ಳಿಗೇ ಮರುಳಾದವಳು. ದಾವಣಗೆರೆಯಲ್ಲಿ ನಮ್ಮ ಬೀದಿಯ ಜಗಲಿಯ ಮೇಲೆ ಒಬ್ಬರು ಟೈಲರ್ ಕೂರುತ್ತಿದ್ದರು. ಅವರ ಮಿಷನ್ನಿನ ಮೈಮೇಲೆ ಬಟ್ಟೆ ಉಜ್ಜುವ ಜಾಗದಲ್ಲಿ ಬಣ್ಣವೆಲ್ಲ ಹೋಗಿ ಕಬ್ಬಿಣ ಕಾಣುತ್ತಿತ್ತು. ನಮ್ಮ ಮನೆಯ ಮಿಷನ್ ಇದಕ್ಕಿಂತ ಚೆನ್ನಾಗಿದೆ ಮಾಮ ಎಂದೆ. ಅವರು ಮಾತಾಡದೆ, ಹೊಲಿಯುತ್ತಿದ್ದ ರವಿಕೆಯ ತೋಳನ್ನು ತಿರುಗಿಸಿ ನನ್ನ ಕೈಗಿಟ್ಟು, “ಯಾವುದು ಸರಿ ಕಡೆ, ಯಾವುದು ಉಲ್ಟಾ, ಹೊಲಿಗೆ ನೋಡಿ ಹೇಳವ್ವ” ಎಂದರು. ನನಗೆ ಹೇಳಲಾಗಲಿಲ್ಲ. ಎರಡೂ ಕಡೆ ಒಂದೇ ಸಮನಾದ ಸಾಲು, ಒಂದೇ ಅಳತೆಯ ಹೆಜ್ಜೆ. ಮನೆಗೆ ಓಡಿಬಂದು ನಮ್ಮ ಮಿಷನ್ನಿನಲ್ಲಿ ಹೊಲಿದ ದಿಂಬಿನ ಚೀಲ ತಿರುಗಿಸಿದರೆ, ಒಳಗಡೆ ದಾರ ಕುಣಿಕೆ ಕುಣಿಕೆಯಾಗಿ ಜೋತಾಡುತ್ತಿತ್ತು. ಅಂದಿನಿಂದ ಯಾರ ಮನೆಗೆ ಹೋದರೂ ಪರದೆಯ ಅಂಚು ತಿರುಗಿಸಿ ನೋಡುವುದು ನನ್ನ ಅಭ್ಯಾಸ.

ಆ ಉಲ್ಟಾ ಕಡೆಯಲ್ಲೇ ಮಿಷನ್ನಿನ ಜಾತಕವಿದೆ. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದಾಗಿನಿಂದ ಮನೆಯ ಹೊಲಿಗೆ ಮಿಷನ್‌ಗಳ ಮೂಲತತ್ವ ಬದಲಾಗಿಲ್ಲ. ಸೂಜಿ ಕೆಳಗಿಳಿದು ಮತ್ತೆ ಮೇಲೇಳಲು ಶುರುಮಾಡಿದ ಆ ಕ್ಷಣದಲ್ಲಿ ಅದರ ಬೆನ್ನಿಗೆ ದಾರದ ಒಂದು ಪುಟ್ಟ ಕುಣಿಕೆ ಉಬ್ಬುತ್ತದೆ. ಶಟಲ್ಲಿನ ಮೂತಿ ಬಂದು ಆ ಕುಣಿಕೆಯನ್ನು ಹಿಡಿದು, ಬಾಬಿನ್ನಿನ ಸುತ್ತ ದಾಟಿಸಿ ಬಿಡುತ್ತದೆ. ಮೇಲಿನ ಸನ್ನೆ ದಾರವನ್ನು ಎಳೆದುಕೊಳ್ಳುತ್ತದೆ. ಮೇಲಿನ ದಾರ ಮತ್ತು ಕೆಳಗಿನ ದಾರ ಬಟ್ಟೆಯ ದಪ್ಪದ ಸರಿ ಮಧ್ಯದಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬೇಕು. ರೂಬಿಯಾ ಬಟ್ಟೆಯ ದಪ್ಪವೆಷ್ಟು, ಯೋಚಿಸಿ. ಆ ಕೂದಲೆಳೆಯ ಜಾಗದೊಳಗೆ, ಕಣ್ಣಿಗೆ ಕಾಣದಂತೆ, ಪ್ರತಿ ಹೆಜ್ಜೆಗೂ ಒಂದೊಂದು ಕೊಂಡಿ ಬೀಳಬೇಕು. ಎಂಬತ್ತು ವರ್ಷದ ಕಬ್ಬಿಣ ಇದನ್ನು ಈಗಲೂ ಮಾಡುತ್ತದೆ ಎಂಬುದು ನನ್ನ ಪಾಲಿಗೆ ಯಾವ ಚಿನ್ನದ ಬಳ್ಳಿಗಿಂತಲೂ ದೊಡ್ಡ ಸೊಗಸು.

ಕೊಳ್ಳಲು ಹೋಗುವಾಗ ಒಂದು ಚೂರು ರೂಬಿಯಾ, ಹಳೆಯ ಜೀನ್ಸಿನ ಒಂದು ಕಾಲು, ಬಿಳಿ ದಾರ, ಕೆಂಪು ದಾರ, ಹೊಸ ಸೂಜಿ ಒಯ್ಯಿರಿ. ಮೇಲೆ ಬಿಳಿ, ಬಾಬಿನ್ನಿಗೆ ಕೆಂಪು. ಪ್ರೆಷರ್ ಫೂಟನ್ನು ಎತ್ತಿಯೇ ದಾರ ಹಾಕಿ; ಎತ್ತಿದಾಗ ಮಾತ್ರ ಟೆನ್ಶನ್ ಬಿಲ್ಲೆಗಳು ಬಿಚ್ಚಿಕೊಂಡು ದಾರವನ್ನು ಒಳಗೆ ಬಿಡುತ್ತವೆ. ಒಂದು ಗೇಣು ಹೊಲಿದು ಬಟ್ಟೆ ತಿರುಗಿಸಿ. ಮೇಲ್ಗಡೆ ಕೆಂಪು ಚುಕ್ಕೆ ಎದ್ದರೆ ಮೇಲಿನ ದಾರ ಬಿಗಿ. ಉಲ್ಟಾ ಕಡೆ ಕೆಂಪು ದಾರ ಗೆರೆ ಎಳೆದ ಹಾಗೆ ನೆಟ್ಟಗೆ ಮಲಗಿ, ಅದರ ಮೇಲೆ ಬಿಳಿಯ ಕುಣಿಕೆಗಳು ಕೂತಿದ್ದರೆ ಮೇಲಿನ ದಾರ ಸಡಿಲ. ಬಿಲ್ಲೆಗಳ ಮುಂದಿನ ತಿರುಪನ್ನು ಅಷ್ಟಷ್ಟೇ ತಿರುಗಿಸುತ್ತಾ ಹೋದಂತೆ ಚುಕ್ಕೆ ಮಾಯವಾಗಿ ಎರಡೂ ಬಣ್ಣ ತಂತಮ್ಮ ಕಡೆ ನಿಂತುಬಿಟ್ಟರೆ ಆ ಮಿಷನ್ ಬದುಕಿದೆ. ತಿರುಪು ತಿರುಗಿಸಿದರೂ ಹೊಲಿಗೆಯಲ್ಲಿ ಏನೂ ಬದಲಾಗದಿದ್ದರೆ ಬಿಲ್ಲೆಗಳ ನಡುವೆ ಹಳೆಯ ದಾರದ ತುಣುಕು ಸಿಕ್ಕಿಕೊಂಡಿರಬಹುದು, ಬಿಚ್ಚಿ ಒರೆಸಿ. ಬಿಲ್ಲೆಗಳ ಪಕ್ಕ ಒಂದು ಸಣ್ಣ ತಂತಿಯ ಸ್ಪ್ರಿಂಗ್ ಇರುತ್ತದೆ. ಪ್ರತಿ ಹೆಜ್ಜೆಗೂ ಅದು ಮಿಡಿಯಬೇಕು. ಮುರಿದಿದ್ದರೆ ಅಥವಾ ಬಾಗಿದ್ದರೆ ನೀವೆಷ್ಟೇ ತಿರುಪು ತಿರುಗಿಸಿದರೂ ಹೊಲಿಗೆ ನೆಟ್ಟಗಾಗದು. ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗುಬಿಡಿ: ಸುಮ್ಮನೆ ತೂಗಾಡಬೇಕು, ಕೈ ಸ್ವಲ್ಪ ಜಗ್ಗಿದರೆ ತುಸು ಕೆಳಗಿಳಿದು ನಿಲ್ಲಬೇಕು.

ರೂಬಿಯಾ ಆದ ಮೇಲೆ ಜೀನ್ಸು. ಅಂಚಿನ ಮಡಿಕೆಯ ಮೇಲೆ, ಪಕ್ಕದ ಹೊಲಿಗೆ ಸೇರುವ ಆ ಗಡ್ಡೆಯ ಜಾಗದಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಿ ದಾಟಿಸಿ. ಅಲ್ಲೂ ಹೆಜ್ಜೆ ತಪ್ಪದಿದ್ದರೆ ಮಾರುವವರೊಡನೆ ಹೆಚ್ಚು ಚೌಕಾಸಿ ಮಾಡಬೇಡಿ.

ಇನ್ನು ಯಾವ ಮಿಷನ್ ಎಂಬ ಪ್ರಶ್ನೆ. ತಳದ ಸರಿಯುವ ತಗಡನ್ನು ಎಳೆದು ಶಟಲ್ ನೋಡಿದರೆ ಕುಲ ಗೊತ್ತಾಗುತ್ತದೆ. ದೋಣಿಯಾಕಾರದ ಉದ್ದನೆಯ ಶಟಲ್ ಹಿಂದಕ್ಕೂ ಮುಂದಕ್ಕೂ ಓಡಾಡಿದರೆ ಅದು ಸಿಂಗರ್ 27, 28ರ ಬಳಗ. ನೋಡಲು ಮುದ್ದಾದುದು, ಹೊಲಿಗೆಯೂ ಅಚ್ಚುಕಟ್ಟು. ಆದರೆ ಅದರ ಕಡ್ಡಿಯಂಥ ಬಾಬಿನ್ನಿಗಾಗಿ ಊರೂರು ಅಲೆಯಬೇಕು. ಮೇಲಿನಿಂದಲೇ ಬಾಬಿನ್ ಇಳಿಬಿಡುವುದಾದರೆ 66, ಅದರ ಪುಟ್ಟ ತಂಗಿ 99, ಅಥವಾ 201. ಎಡಬದಿಯಿಂದ ಬಾಬಿನ್ ಕೇಸ್ ಸಿಕ್ಕಿಸುವಂತಿದ್ದು, ಶಟಲ್ ಅರ್ಧ ಸುತ್ತು ಹೋಗಿ ಅರ್ಧ ಸುತ್ತು ವಾಪಸು ಬರುತ್ತಿದ್ದರೆ 15. ಹೊಸಬರು ಕಣ್ಣುಮುಚ್ಚಿ 15 ಕೊಳ್ಳಲಿ. 1930ರ ದಶಕದಲ್ಲಿ ಕೋಲ್ಕತ್ತದಿಂದ ಬರತೊಡಗಿದ ಉಷಾ ಆಗಲಿ, ಮುಂದೆ ಲುಧಿಯಾನದ ಕಾರ್ಖಾನೆಗಳು ಎರಕ ಹೊಯ್ದ ಕಪ್ಪು ಮಿಷನ್‌ಗಳಾಗಲಿ ಹೆಚ್ಚಾಗಿ ಇದೇ ಜಾಡಿನವು. ಹಾಗಾಗಿ ಬಾಬಿನ್, ಕೇಸು, ಶಟಲ್ ತಾಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ. ಹಳೆಯ ಉಷಾ ಮಿಷನ್ನನ್ನು ‘ಲೋಕಲ್’ ಎಂದು ಮೂಗು ಮುರಿಯುವವರಿಗೆ ಹೊಲಿಗೆಯ ಗಂಧವಿಲ್ಲ. ನಾನು ಉಷಾದಲ್ಲಿ ಹೊಲಿದ ಲಂಗಗಳನ್ನು ನಮ್ಮ ಮನೆಯ ಮಕ್ಕಳು ಒಬ್ಬರಾದ ಮೇಲೊಬ್ಬರು ಉಟ್ಟು ಹರಿದಿದ್ದಾರೆ. ಬಟ್ಟೆ ಹರಿಯಿತೇ ಹೊರತು ಹೊಲಿಗೆ ಬಿಚ್ಚಲಿಲ್ಲ.

ನನ್ನ ಮನಸ್ಸು ಸೋತಿರುವುದು ಮಾತ್ರ 201ಕೆ ಮಿಷನ್ನಿಗೆ. ‘ಕೆ’ ಎಂದರೆ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್ಬೋವಿ ಕಾರ್ಖಾನೆ. 1980ರಲ್ಲಿ ಅದು ಮುಚ್ಚಿತು. ಅಲ್ಲಿನ ರೈಲು ನಿಲ್ದಾಣದ ಹೆಸರು ಇಂದಿಗೂ ಸಿಂಗರ್. 201ರ ಶಟಲ್ ಹಿಂದೆಮುಂದೆ ತೂಗುವುದಿಲ್ಲ, ಒಂದೇ ದಿಕ್ಕಿಗೆ ಪೂರ್ತಿ ಸುತ್ತುತ್ತದೆ. ಧಾರವಾಡದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ಕಾಲು ಮಿಷನ್ನಿಗೆ ಕೂರಿಸಿದ 201ಕೆ ನೋಡಿದೆ. ಅವರು ಮೊದಲು ಕ್ಯಾನ್ವಾಸ್ ಚೀಲದ ಹಿಡಿ ಹೊಲಿದರು, ಸೂಜಿ ಮಾತ್ರ ಬದಲಿಸಿ ಇಳಕಲ್ ಸೀರೆಗೆ ಫಾಲ್ ಹಚ್ಚಿದರು. ಟೆನ್ಶನ್ ತಿರುಪನ್ನು ಮುಟ್ಟಿದ್ದು ಒಂದೇ ಸಲ, ಅದೂ ಒಂದು ಗೀಟಿನಷ್ಟು. ಎರಡರ ಉಲ್ಟಾ ಕಡೆಯನ್ನೂ ನಾನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತೆ. ಅಂಥ ಹೊಲಿಗೆ ಆಮೇಲೆ ಬೇರೆಲ್ಲೂ ಕಂಡಿಲ್ಲ. 201 ಸಿಕ್ಕರೆ ಜೊತೆಗೆಷ್ಟು ಬಾಬಿನ್ ಇವೆ ಎಣಿಸಿಕೊಳ್ಳಿ. 66ರ ಬಾಬಿನ್ನೇ ಇದಕ್ಕೂ ಬೇಕು, ಅದು ಎಲ್ಲ ಅಂಗಡಿಯಲ್ಲೂ ಸಿಗದು.

221 ಅಂದರೆ ಫೆದರ್‌ವೇಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. 1933ರಲ್ಲಿ ಬಂದ, ಐದು ಕಿಲೋ ತೂಗುವ ಅಲ್ಯುಮಿನಿಯಮ್ ಮಿಷನ್. ಅಮೆರಿಕದಲ್ಲಿ ಕೌದಿ ಹೊಲಿಯುವವರು ಇದಕ್ಕಾಗಿ ಮುಗಿಬೀಳುತ್ತಾರೆ. ಮಿಷನ್ ಒಳ್ಳೆಯದೇ. ಅಲ್ಲಿಂದ ನೆಂಟರು ತಂದುಕೊಟ್ಟರೆ ಮಾತ್ರ ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಬೇಡಿ. ಅದರ ಮೋಟರ್ 110 ವೋಲ್ಟಿನದು, ಸುಟ್ಟುಹೋಗುತ್ತದೆ.

ಮೋಟರ್ ವಿಷಯ ಬಂದಿದ್ದರಿಂದ ಹೇಳುತ್ತೇನೆ: ಕಲಿಯುವವರು ಕೈ ಮಿಷನ್ ಅಥವಾ ಕಾಲು ಮಿಷನ್ನನ್ನೇ ಹಿಡಿಯಿರಿ. ತೋಳು ಕೂರಿಸುವಾಗ, ಕೊರಳ ತಿರುವಿನಲ್ಲಿ ಒಂದೊಂದೇ ಹೆಜ್ಜೆ ಇಡಬೇಕಾಗುತ್ತದೆ. ಅಗ್ಗದ ಮೋಟರ್ ಅಷ್ಟು ನಿಧಾನಕ್ಕೆ ಬರುವುದಿಲ್ಲ. ಮೂವತ್ತು ನಮೂನೆ ಹೊಲಿಗೆ ಬರುತ್ತದೆಂದು ಹೊಸ ಪ್ಲಾಸ್ಟಿಕ್ ಮಿಷನ್ ಕೊಂಡವರು ಅದರಲ್ಲಿ ಹೊಲಿಯುವುದು ನೆಟ್ಟಗಿನ ಹೊಲಿಗೆ ಮತ್ತು ಜಿಗ್‌ಜಾಗ್ ಎರಡನ್ನೇ. ಹೂವಿನ ಹೊಲಿಗೆಯನ್ನು ಮೊದಲ ದಿನ ನೆಂಟರಿಗೆ ತೋರಿಸಿ ಮುಗಿಸಿರುತ್ತಾರೆ.

ಸೂಜಿ ಕೊಳ್ಳುವಾಗ ತಲೆಯ ಒಂದು ಬದಿ ಚಪ್ಪಟೆಯಾಗಿರುವ ಎಚ್‌ಎ ಸೂಜಿಯನ್ನೇ ಕೇಳಿ. ಅಂಗಡಿಯವರು ಗಾರ್ಮೆಂಟ್ಸ್ ಮಿಷನ್ನಿನ ಗುಂಡು ತಲೆಯ ಸೂಜಿ ಕೊಟ್ಟುಬಿಡುತ್ತಾರೆ. ಶಟಲ್ಲಿಗೆ ಕುಣಿಕೆ ಸಿಗದೆ ಹೆಜ್ಜೆ ತಪ್ಪುತ್ತದೆ. 15ರಲ್ಲಿ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. 66ರಲ್ಲಿ ಚಪ್ಪಟೆ ಬದಿ ಬಲಕ್ಕೆ, ದಾರ ಎಡದಿಂದ ಬಲಕ್ಕೆ. ಕೆಟ್ಟಿದೆ ಎಂದು ಅಟ್ಟ ಸೇರಿದ ಎಷ್ಟೋ ಮಿಷನ್‌ಗಳ ರೋಗ ಇಷ್ಟೇ. ಕೊಬ್ಬರಿ ಎಣ್ಣೆ ಬಿಡಬೇಡಿ, ಅಂಟಾಗಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡದ್ದನ್ನು ಸೀಮೆಎಣ್ಣೆಯಿಂದ ಬಿಡಿಸಿ, ಒರೆಸಿ, ಮಿಷನ್ ಎಣ್ಣೆ ಬಿಡಿ. ಮೈ ಒರೆಸಲು ಸ್ಪಿರಿಟ್, ಥಿನ್ನರ್ ಬೇಡ. ಬಳ್ಳಿಯ ಮೇಲಿನ ಅರಗಿನ ಲೇಪ ಕರಗಿ ಬಣ್ಣವೇ ಕೈಗೆ ಬರುತ್ತದೆ.

ಹುಡುಕಬೇಕಾದ ಜಾಗ ಪುರಾತನ ವಸ್ತುಗಳ ಅಂಗಡಿಯಲ್ಲ, ಅಲ್ಲಿ ಬಣ್ಣ ಬಳಿದಿರುತ್ತಾರೆ. ಅಂಗಡಿ ಮುಚ್ಚುತ್ತಿರುವ ಟೈಲರ್‌ಗಳನ್ನು ವಿಚಾರಿಸಿ, ಗುಜರಿಯವರಿಗೆ ಹೇಳಿಡಿ, ಬೆಂಗಳೂರಿನವರು ಭಾನುವಾರ ಬೆಳಿಗ್ಗೆ ಬೇಗ ಸಂಡೇ ಬಜಾರಿಗೆ ಹೋಗಿ. ಚಕ್ರ ಸರಾಗ ತಿರುಗುತ್ತದೆಯೇ, ಸೂಜಿ ಹಿಡಿಯುವ ಸರಳು ಪಕ್ಕಕ್ಕೆ ಅಲುಗಾಡುತ್ತದೆಯೇ ನೋಡಿ, ಅಲುಗಾಡಿದರೆ ಬಿಟ್ಟುಬಿಡಿ. ಬೆಲ್ಟು ಹೋಗಿದ್ದರೆ ಚಿಂತೆಯಿಲ್ಲ, ಚರ್ಮದ ಹೊಸ ಬೆಲ್ಟು ಅಗ್ಗಕ್ಕೆ ಸಿಗುತ್ತದೆ. ಆಮೇಲೆ ಚೀಲದಿಂದ ರೂಬಿಯಾ ತೆಗೆಯಿರಿ. ಹೊಲಿದು ನೋಡಲು ಬಿಡದ ಮಾರಾಟಗಾರನಿಂದ ಏನನ್ನೂ ಕೊಳ್ಳಬೇಡಿ.