ಭರತನ ಮನಸ್ಸು, ಬಾಹುಬಲಿಯ ಮುಳ್ಳು

ಮೂಡುಬಿದಿರೆಯ ಸುತ್ತಮುತ್ತ ಬಾಹುಬಲಿಯದೇ ರಾಜ್ಯ. ಕಾರ್ಕಳದ ಬಂಡೆಯ ಮೇಲೆ ಅವನು 1432ರಿಂದ ನಿಂತಿದ್ದಾನೆ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಿಂದ, ಧರ್ಮಸ್ಥಳದಲ್ಲಿ 1982ರಿಂದ. ಗೆದ್ದ ನೆಲವನ್ನು ಬಿಟ್ಟು ನಡೆದವನನ್ನು ಹೀಗೆ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಸೀಮೆಯಿದು. ಆದರೆ ಮೊದಲೆರಡು ಮೂರ್ತಿಗಳ ನಡುವಿನ ಕಾಲದಲ್ಲಿ, ಮೂಡುಬಿದಿರೆಯ ರತ್ನಾಕರವರ್ಣಿ ತನ್ನ ಕಾವ್ಯಕ್ಕೆ ನಾಯಕನನ್ನಾಗಿ ಆರಿಸಿಕೊಂಡದ್ದು ಬಿಟ್ಟವನನ್ನಲ್ಲ, ಅರಮನೆಯಲ್ಲೇ ಉಳಿದ ಅಣ್ಣನನ್ನು. 16ನೆಯ ಶತಮಾನದ 'ಭರತೇಶ ವೈಭವ' ಸುಮಾರು 10 ಸಾವಿರ ಪದ್ಯಗಳ ಸಾಂಗತ್ಯ.

ಇದನ್ನು 'ಭೋಗ-ಯೋಗಗಳ ಸಮನ್ವಯ' ಎಂದು ಪಾಠ ಹೇಳುವುದು ವಾಡಿಕೆ. ಪರೀಕ್ಷೆಗೆ ಅಷ್ಟು ಸಾಕು, ಓದಿಗೆ ಸಾಲದು. ಯಾಕೆಂದರೆ ಸಮನ್ವಯ ಎಂದಾಗ ಎರಡು ತಟ್ಟೆಗಳ ತಕ್ಕಡಿ ಕಣ್ಣಮುಂದೆ ಬರುತ್ತದೆ: ಇಷ್ಟು ಹೊತ್ತು ಸುಖ, ಇಷ್ಟು ಹೊತ್ತು ಧ್ಯಾನ. ರತ್ನಾಕರನ ಭರತ ಹಾಗೆ ಅಳೆದು ಬದುಕುವವನಲ್ಲ. ಊಟ, ಸಂಗೀತ, ಮಕ್ಕಳು, ರಾಣಿಯರು, ದಂಡಯಾತ್ರೆ ಎಲ್ಲದರಲ್ಲೂ ಅವನು ಪೂರ್ತಿಯಾಗಿ ಇದ್ದಾನೆ. ಕಣ್ಣು ಮುಚ್ಚಿದರೆ ಒಳಗಿನ ಹಂಸನಾಥನಲ್ಲೂ ಅಷ್ಟೇ ಪೂರ್ತಿ.

ಜೈನ ಪರಂಪರೆಯಲ್ಲಿ ಒಂದು ಪ್ರಸಿದ್ಧ ಕತೆಯಿದೆ. ಇಷ್ಟೊಂದು ಸಿರಿಯ ನಡುವೆ ಭರತ ವಿರಾಗಿಯಾಗಿರುವುದು ಹೇಗೆ ಎಂದು ಒಬ್ಬ ಸಂಶಯಪಡುತ್ತಾನೆ. ಭರತ ಅವನ ಕೈಗೆ ತುಂಬಿದ ಎಣ್ಣೆಯ ಬಟ್ಟಲು ಕೊಟ್ಟು, ಒಂದು ಹನಿ ಚೆಲ್ಲಿದರೂ ತಲೆ ಹೋಗುತ್ತದೆಂದು ಹೇಳಿ, ಊರು ಸುತ್ತಿಸುತ್ತಾನೆ. ದಾರಿಯುದ್ದಕ್ಕೂ ಕುಣಿತ, ಹಾಡು; ಅವನಿಗೆ ಏನೂ ಕಾಣಲಿಲ್ಲ, ಕೇಳಲಿಲ್ಲ. ಕತೆ ಚೆನ್ನಾಗಿದೆ. ಆದರೆ ರತ್ನಾಕರನ ಭರತನಿಗೆ ಅದು ಒಗ್ಗುವುದಿಲ್ಲ ಎಂದೇ ನನಗನ್ನಿಸುತ್ತದೆ. ಬಟ್ಟಲು ಹಿಡಿದವನ ಏಕಾಗ್ರತೆ ಹುಟ್ಟಿದ್ದು ಕತ್ತಿಯ ಭಯದಿಂದ. ಅವನು ಕುಣಿತವನ್ನು ಕಾಣದೆ ಗೆದ್ದ. ಈ ಭರತನಿಗೆ ಭಯವಿಲ್ಲ, ಕುಣಿತವೂ ಕಾಣುತ್ತದೆ. ನೋಡಿ ಸಂತೋಷಪಟ್ಟೂ ಅಂಟಿಸಿಕೊಳ್ಳದಿರುವುದು ಬೇರೆಯೇ ವಿದ್ಯೆ.

ಬಾಹುಬಲಿಯ ಕಡೆಗೆ ತಿರುಗಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಎಲ್ಲವನ್ನೂ ತೊರೆದು, ಬಳ್ಳಿ ಹಬ್ಬಿ ಹುತ್ತ ಬೆಳೆಯುವವರೆಗೆ ನಿಂತರೂ ಅವನಿಗೆ ಜ್ಞಾನ ಒಲಿಯಲಿಲ್ಲ. ನಿಂತ ನೆಲ ಅಣ್ಣನದೆಂಬ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು ಎನ್ನುತ್ತದೆ ನಮ್ಮಲ್ಲಿ ಪ್ರಚಲಿತವಾದ ಕತೆ. ಭರತನಿಗಾದರೋ ದೀಕ್ಷೆಯ ಬೆನ್ನಿಗೇ, ಮುಹೂರ್ತದೊಳಗೆ ಕೇವಲಜ್ಞಾನ. ಪಂಪನ 'ಆದಿಪುರಾಣ'ದಲ್ಲಿ ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲಯುದ್ಧ ಮಾಡುತ್ತಾರೆ, ಭರತ ಸೋಲುತ್ತಾನೆ. ರತ್ನಾಕರ ಆ ಕಾಳಗವನ್ನೇ ಕೈಬಿಟ್ಟು ಮಾತಿನಲ್ಲಿ ಮುಗಿಸುತ್ತಾನೆ. ನಾಯಕನ ಮಾನ ಉಳಿಸಲು ಮಾಡಿದ ಉಪಾಯ ಎನ್ನಬಹುದು. ಆದರೆ ಮನಸ್ಸೇ ನಿಜವಾದ ಕಣವೆಂದು ನಂಬಿದ ಕವಿಗೆ ತೋಳಿನ ಕುಸ್ತಿ ಬೇಕಾಗಲಿಲ್ಲ ಎಂದೂ ಓದಬಹುದು. ನನ್ನ ಒಲವು ಎರಡನೆಯದಕ್ಕೆ.

ಇಷ್ಟಾದರೂ ಒಂದು ತಕರಾರು ಉಳಿಯುತ್ತದೆ. ಮನಸ್ಸು ಸರಿಯಿದ್ದರೆ ಎಲ್ಲ ಸರಿ ಎಂಬ ಮಾತು ಚಕ್ರವರ್ತಿಯ ಬಾಯಲ್ಲಿ ಸುಲಭ. ಬಂಟ್ವಾಳದ ಗದ್ದೆಯ ಗೇಣಿ ಒಕ್ಕಲಿಗೆ ಅದೇ ಮಾತು ಹೇಳಿದ್ದರೆ ಅವನು ಮೊದಲು ಅಕ್ಕಿ ಕೇಳುತ್ತಿದ್ದ. ಕಾವ್ಯದಲ್ಲಿ 96 ಸಾವಿರ ರಾಣಿಯರಿದ್ದಾರೆ, ಎಲ್ಲರೂ ಸುಖಿಗಳು. ಒಬ್ಬಳಿಗಾದರೂ ಒಂದು ಸಂಜೆ ಬೇಸರ ಬರಬೇಡವೇ? ಭರತನ ನಿರ್ಲಿಪ್ತಿಯನ್ನು ಅವಳ ಕಣ್ಣಿನಿಂದ ನೋಡಿದರೆ ಅದು ಅಲಕ್ಷ್ಯದಂತೆಯೂ ಕಾಣಬಹುದಲ್ಲ? ಆ ಕಣ್ಣನ್ನು ಕವಿ ತೆರೆಯಲಿಲ್ಲ. ಕಾವ್ಯದ ದೊಡ್ಡ ಕೊರತೆ ಇದೇ, ಅದರ ಉದ್ದವಲ್ಲ.

ಕವಿಗೆ ಈ ಸಂದೇಹ ಇರಲೇ ಇಲ್ಲವೆನ್ನಲಾಗದು. 'ರತ್ನಾಕರಾಧೀಶ್ವರ ಶತಕ'ವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಸಿರಿಯ ಬಗ್ಗೆ, ದೇಹದ ಬಗ್ಗೆ ಅಲ್ಲಿ ಇದೇ ರತ್ನಾಕರನ ದನಿ ಎಷ್ಟು ಗಡುಸು! ಸಾಂಗತ್ಯದಲ್ಲಿ ಹಾಡಿ ನಲಿಸಿದವನು ವೃತ್ತಕ್ಕೆ ಬಂದಾಗ ತನ್ನ ಮನಸ್ಸಿನ ಜೊತೆಗೇ ಜಗಳಕ್ಕೆ ನಿಲ್ಲುತ್ತಾನೆ. ಭರತನಿಗೆ ಇಲ್ಲದ ಜಗಳ ಭರತನನ್ನು ಬರೆದವನಿಗೆ ಇತ್ತು.