ಮುಚ್ಚಳ ಎಷ್ಟು ಬಿಗಿ ಇರಬೇಕು?

ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಕೊಳ್ಳುವವರು ಲೆನ್ಸಿನ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಶಟರ್ ಸದ್ದಿಗೆ ಕಿವಿಗೊಡುತ್ತಾರೆ. ಮುಚ್ಚಳ ಸಡಿಲವಾಗಿದೆಯೇ ಎಂದು ನೋಡುವವರು ಕಡಿಮೆ. ಅದು ಬೀಳತೊಡಗಿದ ಮೇಲೆ ಕೈಗೆ ಸಿಕ್ಕ ಟೇಪನ್ನು ಒಳಗೆ ಸುತ್ತಿ ಅದುಮಿಬಿಡುತ್ತಾರೆ. ಈ ಪುಟ್ಟ ರಿಪೇರಿಗೆ ಚಾಲ್ತಿಯಲ್ಲಿರುವ ಉಪಾಯಗಳಲ್ಲಿ ಹೆಚ್ಚಿನವು ಅರ್ಧ ಗುರಿಯನ್ನಷ್ಟೇ ಸಾಧಿಸುತ್ತವೆ ಎಂಬುದು ನನ್ನ ವಾದ. ಮುಚ್ಚಳ ಬೀಳದಿದ್ದರೆ ಸಾಲದು, ತೆಗೆಯುವಾಗ ಲೆನ್ಸನ್ನು ಅಲುಗಿಸದೆ ಬರಬೇಕು.

ಮುಚ್ಚಳಕ್ಕೆ ಇಷ್ಟು ಮಹತ್ವ ಯಾಕೆ? ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಶಟರಿಗೂ ನಡುವೆ ಕನ್ನಡಿ ಅಡ್ಡ ಇರುತ್ತದೆ. ರೇಂಜ್‌ಫೈಂಡರಿನಲ್ಲಿ ಅದಿಲ್ಲ. 1954ರ ಲೈಕಾ ಎಂ3ಯಂಥ ಕ್ಯಾಮೆರಾಗಳ ಶಟರ್ ಪರದೆ ರಬ್ಬರ್ ಲೇಪಿಸಿದ ಬಟ್ಟೆಯದು. ಅಪರ್ಚರ್ ತೆರೆದು, ಫೋಕಸ್ ಅನಂತಕ್ಕೆ ಇಟ್ಟ ಲೆನ್ಸ್ ಬಿಸಿಲಿಗೆ ಮುಖ ಮಾಡಿ ನಿಂತರೆ ಭೂತಗನ್ನಡಿಯ ಹಾಗೆ ಸೂರ್ಯನನ್ನು ಆ ಬಟ್ಟೆಯ ಮೇಲೆ ಇಳಿಸಿ ತೂತು ಸುಡಬಲ್ಲದು. ಅಲ್ಲಿಂದ ಮುಂದೆ ಫಿಲಂ ಮೇಲೆ ಬೆಳಕಿನ ಕಲೆ ಬೀಳುತ್ತಲೇ ಇರುತ್ತದೆ. ಕ್ಯಾನನ್ ಪಿ, ಕ್ಯಾನನ್ 7 ಕ್ಯಾಮೆರಾಗಳಿಗೆ ತೆಳು ಉಕ್ಕಿನ ಪರದೆ ಇರುವುದರಿಂದ ಈ ಭಯ ಕಡಿಮೆ. ಯುವಿ ಫಿಲ್ಟರ್ ಹಾಕಿದ್ದೇನೆ, ಮುಚ್ಚಳ ಬೇಡ ಎನ್ನುವವರ ಮಾತು ಬಟ್ಟೆ ಪರದೆಯ ಮುಂದೆ ನಿಲ್ಲದು. ಫಿಲ್ಟರ್ ಗೀರನ್ನು ತಡೆಯುತ್ತದೆ, ಬಿಸಿಲನ್ನು ತಡೆಯುವುದಿಲ್ಲ.

ಮುಚ್ಚಳ ಸಡಿಲವಾಗಲು ಸವೆತವೊಂದೇ ಕಾರಣವಲ್ಲ. ಎಷ್ಟೋ ಸಲ ಕೊಂಡದ್ದೇ ತಪ್ಪು ಅಳತೆ. ಲೆನ್ಸಿಗೆ ಹೇಳುವ ಅಂಕಿ ಫಿಲ್ಟರ್ ಕೂರುವ ತಿರುಪಿನ ಮರೆಯ (ಥ್ರೆಡ್) ಅಳತೆ. ಹೊರಗಿನಿಂದ ಒತ್ತಿ ಹಾಕುವ ಮುಚ್ಚಳಕ್ಕೆ ಬೇಕಾದದ್ದು ಅಂಚಿನ ಹೊರ ವ್ಯಾಸ. 39 ಮಿ.ಮೀ. ಮರೆಯ ಲೈಕಾ ಲೆನ್ಸಿಗೆ 42ರ ಮುಚ್ಚಳ ಬೇಕು. 55ರ ಮರೆಯ ಯಾಶಿಕಾ ಎಲೆಕ್ಟ್ರೋ 35ಕ್ಕೆ 57ರದು. ಹಳೆಯ ಎಲ್ಮಾರ್ ಲೆನ್ಸುಗಳಿಗೆ 36ರದು. ಆದ್ದರಿಂದ ರಿಪೇರಿಗೆ ಕೈಹಾಕುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಅಂಚಿನ ಹೊರಗನ್ನೂ ಮುಚ್ಚಳದ ಒಳಗನ್ನೂ ಅಳೆಯಬೇಕು. ವ್ಯತ್ಯಾಸ ಒಂದು ಮಿಲಿಮೀಟರ್ ಇದ್ದರೆ ಪ್ರತಿ ಬದಿಗೆ ತುಂಬಬೇಕಾದದ್ದು ಅರ್ಧ ಮಿಲಿಮೀಟರ್ ಮಾತ್ರ.

ಈಗ ಉಪಾಯಗಳನ್ನು ಒಂದೊಂದಾಗಿ ತೂಗೋಣ. ಎಲೆಕ್ಟ್ರಿಷಿಯನ್ನರ ಕಪ್ಪು ಟೇಪು ಅಗ್ಗ, ತೆಳು, ಎಲ್ಲೆಡೆ ಸಿಗುತ್ತದೆ. ಆದರೆ ಸೆಕೆಗೆ ಅದರ ಅಂಟು ಕರಗಿ ಪಕ್ಕಕ್ಕೆ ಜಾರಿ ಲೆನ್ಸಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ಒಂದು ಪ್ರವಾಸದ ಮಟ್ಟಿಗೆ ಸರಿ, ಕಾಯಂ ಆಗಿ ಬೇಡ. ಲೋಹದ ಮುಚ್ಚಳವನ್ನು ಇಕ್ಕಳದಲ್ಲಿ ಅದುಮಿ ಬಿಗಿ ಮಾಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಹಿಡಿತವೆಲ್ಲ ಎರಡೇ ಕಡೆ ಬೀಳುತ್ತದೆ, ಆ ಎರಡು ಕಡೆಯೂ ಬಣ್ಣ ಕೆರೆದುಹೋಗುತ್ತದೆ. ರಬ್ಬರ್ ರಿಂಗ್ ಚೆನ್ನಾಗಿ ಹಿಡಿಯುತ್ತದೆ, ಅದರ ತೊಂದರೆಯೂ ಅದೇ. ಅಂಥ ಮುಚ್ಚಳ ಎಳೆದರೆ ಫೋಕಸ್ ತಿರುಗುತ್ತದೆ. ಒಳಗೆ ಮಡಚಿಕೊಳ್ಳುವ ಎಲ್ಮಾರ್ ಆದರೆ ಕೊಳವೆಯೇ ಹೊರಗೆ ಬರುತ್ತದೆ. ತಿರುಗಿಸಿ ಹಾಕುವ ಲೋಹದ ಮುಚ್ಚಳ ಖಂಡಿತ ಬೀಳದು, ಆದರೆ ಕ್ಷಣದಲ್ಲಿ ತೆಗೆಯಲು ಬಾರದು. ಬೀದಿಯಲ್ಲಿ ಚಿತ್ರ ತೆಗೆಯುವವರಿಗೆ ಅದು ಒಗ್ಗದು.

ಉಳಿದದ್ದು ಅಂಟುಬೆನ್ನಿನ ತೆಳು ಮಖಮಲ್ ಅಥವಾ ಫೆಲ್ಟ್. ನನ್ನ ಓಟು ಇದಕ್ಕೆ. ಅದರ ನವಿರು ಕೂದಲು ಒತ್ತಿದಷ್ಟು ಬಗ್ಗಿ, ಹಿಡಿತವನ್ನು ಸುತ್ತಲೂ ಸಮನಾಗಿ ಹಂಚುತ್ತದೆ, ಲೋಹಕ್ಕೆ ಲೋಹ ತಾಗಲು ಬಿಡುವುದಿಲ್ಲ. 42ರ ಮುಚ್ಚಳಕ್ಕೆ ಸುಮಾರು 13 ಸೆಂ.ಮೀ. ಪಟ್ಟಿ ಸಾಕು. ಹಳೆಯ ಅಂಟನ್ನು ಪೂರ್ತಿ ಒರೆಸಿ ತೆಗೆದು, ಮಖಮಲ್ಲಿನ ಕೂದಲು ಮುಚ್ಚಳದ ತಳದ ಕಡೆ ಮಲಗುವಂತೆ ಅಂಟಿಸಬೇಕು. ಆಗ ಹಾಕುವಾಗ ಸಲೀಸು, ಜಾರಿ ಬೀಳುವಾಗ ತಡೆ. ಪಟ್ಟಿಯ ಎರಡು ತುದಿಗಳ ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಬಿಡುವುದನ್ನು ಮರೆಯಬಾರದು. ಮುಚ್ಚಳ ಒತ್ತುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗಲು ಅದೇ ದಾರಿ. ಈ ವಿಧಾನಕ್ಕೂ ದೋಷಗಳಿವೆ. ಕತ್ತರಿಸಿದ ಅಂಚಿನಿಂದ ಎಳೆ ಉದುರಿ ಗಾಜಿನ ಮೇಲೆ ಕೂರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದಿಟ್ಟುಕೊಂಡು ಬೂಷ್ಟಿಗೆ ಅನುಕೂಲ ಮಾಡಿಕೊಡುತ್ತದೆ. ಅಲ್ಲಿ ಮುಚ್ಚಳವನ್ನು ಆಗಾಗ ತೆಗೆದು ಒಣಗಿಸಬೇಕು.

ಎಷ್ಟೇ ಚೆನ್ನಾಗಿ ಕೂತರೂ ಮುಚ್ಚಳದ ಇನ್ನೊಂದು ಅಪಾಯ ಹಾಗೆಯೇ ಉಳಿಯುತ್ತದೆ. ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಬೇರೆ ಕಿಂಡಿಯಿಂದ. ಮುಚ್ಚಳ ತೆಗೆಯದಿದ್ದರೂ ದೃಶ್ಯ ಸೊಗಸಾಗಿಯೇ ಕಾಣುತ್ತದೆ. ಕ್ಯಾನೊನೆಟ್ ಕ್ಯೂಎಲ್17 ಜಿ-III ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಕಣ್ಣು ಲೆನ್ಸಿನ ಸುತ್ತಿನೊಳಗೇ ಇದೆ. ಹಾಗಾಗಿ ಆಟೋ ಮೋಡಿನಲ್ಲಿ ಮುಚ್ಚಳ ಹಾಕಿದ್ದರೆ ಶಟರ್ ಒತ್ತಲು ಬಾರದು. ಎಲೆಕ್ಟ್ರೋ 35ರ ಕಣ್ಣು ಮೇಲೆ, ವ್ಯೂಫೈಂಡರಿನ ಪಕ್ಕದಲ್ಲಿದೆ. ಅದು ಏನನ್ನೂ ತಿಳಿಸದೆ ಖಾಲಿ ಚೌಕಟ್ಟು ತೆಗೆಯುತ್ತದೆ. ಈ ಸಮಸ್ಯೆಗೆ ನಾನು ಕಂಡ ಅತಿ ಉತ್ತಮ ಉತ್ತರ ಯೋಶಿಹಿಸಾ ಮೈತಾನಿ ರೂಪಿಸಿ 1979ರಲ್ಲಿ ಬಂದ ಒಲಿಂಪಸ್ ಎಕ್ಸ್‌ಎ. ಅದರ ಜಾರುಮುಚ್ಚಳ ಕ್ಯಾಮೆರಾದ ಭಾಗವೇ ಆಗಿದೆ. ಮುಚ್ಚಿದ್ದರೆ ಶಟರ್ ಕೆಲಸ ಮಾಡದು, ಕಳೆದುಹೋಗುವ ಮಾತೂ ಇಲ್ಲ. ಆದರೆ ಲೆನ್ಸ್ ಬದಲಿಸುವ ಕ್ಯಾಮೆರಾಗಳಿಗೆ ಆ ಸೌಲಭ್ಯ ಇಲ್ಲ, ಅವು ಬಿಡಿ ಮುಚ್ಚಳವನ್ನೇ ನಂಬಬೇಕು.

ಅಂಥ ಮುಚ್ಚಳ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಕ್ಯಾಮೆರಾವನ್ನು ಬೋರಲು ಹಿಡಿದು ಮೆಲ್ಲಗೆ ಅಲುಗಿಸಿದರೆ ಬೀಳಬಾರದು. ಎರಡು ಬೆರಳಲ್ಲಿ ಎಳೆದರೆ ಫೋಕಸ್ ಗುರುತು ಒಂದಿಷ್ಟೂ ಸರಿಯಬಾರದು. ಮೊದಲನೆಯದರಲ್ಲಿ ಸೋತರೆ ಇನ್ನೊಂದು ಪದರ ಅಂಟಿಸಬಹುದು. ಎರಡನೆಯದರಲ್ಲಿ ಸೋತರೆ ಪಟ್ಟಿಯನ್ನು ಕಿತ್ತು ತೆಳುವಾದದ್ದನ್ನು ಹಾಕಬೇಕು. ಏನೇ ತಿದ್ದುಪಡಿ ಮಾಡಿದರೂ ಅದು ಮುಚ್ಚಳಕ್ಕೇ ಆಗಲಿ. ಲೆನ್ಸಿನ ಅಂಚಿಗೆ ಟೇಪು ಸುತ್ತುವುದು, ಅರ ಹಾಕುವುದು ಎಂದಿಗೂ ಬೇಡ. ಮುಚ್ಚಳ ಮತ್ತೆ ಸಿಗುತ್ತದೆ, ಅರ್ಧ ಶತಮಾನ ದಾಟಿದ ಲೆನ್ಸ್ ಮತ್ತೆ ತಯಾರಾಗುವುದಿಲ್ಲ.