ಬೆರಳಿಗೆ ಒಪ್ಪುವ ಹರಳು

ಕುಮಟಾ ತಾಲೂಕಿನ ಬಾಡದಂಥ ಊರಿನಲ್ಲೂ ಈಗ ನಿಶ್ಚಿತಾರ್ಥ ವೀಳ್ಯ, ಕಾಯಿ, ಹೂವು, ಸೀರೆಗಳಲ್ಲಿ ಮುಗಿಯುವುದಿಲ್ಲ. ಹರಿವಾಣದಲ್ಲಿ ಮಖಮಲ್ಲಿನ ಪುಟ್ಟ ಡಬ್ಬಿಯೊಂದು ಇರುತ್ತದೆ. ಅದರೊಳಗಿನ ಉಂಗುರದಲ್ಲಿ ವಜ್ರ ಇರಲಿ ಎಂಬ ಆಸೆ ಹುಡುಗನಿಗೂ ಹುಡುಗಿಗೂ ಇರುತ್ತದೆ. ಅವನು ಬೆಂಗಳೂರಿನಲ್ಲೋ ಗೋವಾದಲ್ಲೋ ಗಲ್ಫಿನಲ್ಲೋ ದುಡಿಯುತ್ತಿರುತ್ತಾನೆ, ಅವಳು ಕುಮಟಾ ಪೇಟೆಗೋ ಹೊನ್ನಾವರಕ್ಕೋ ಕೆಲಸಕ್ಕೆ ಹೋಗಿಬರುತ್ತಿರುತ್ತಾಳೆ. ಕೈಯಲ್ಲಿರುವುದು ಐವತ್ತು, ಹೆಚ್ಚೆಂದರೆ ಅರವತ್ತು ಸಾವಿರ. ಈ ದುಡ್ಡಿಗೆ ಅಂಗಡಿಗಳು ಏನು ಕೊಡುತ್ತವೆ, ನಾವು ಏನನ್ನು ಮೆಚ್ಚಿ ತರುತ್ತಿದ್ದೇವೆ, ಆ ಮೆಚ್ಚುಗೆ ಸರಿಯೇ ಎಂದು ತೂಗಿ ನೋಡಬೇಕಾದ ಕಾಲ ಬಂದಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಸೆಯಲ್ಲಿ ತಪ್ಪಿಲ್ಲ, ಆರಿಸುವ ರೀತಿಯಲ್ಲಿ ತಪ್ಪಿದೆ. ದೊಡ್ಡದಾಗಿ ಕಾಣುವುದಕ್ಕೆ ನಾವು ದುಡ್ಡು ಸುರಿಯುತ್ತಿದ್ದೇವೆ. ಆ ದುಡ್ಡು ಹೋಗಬೇಕಾದದ್ದು ಚೆನ್ನಾಗಿ ಸಾಣೆ ಹಿಡಿದ ಒಂದೇ ಒಂದು ಹರಳಿಗೆ, ದಿನವೂ ತೊಡಬಹುದಾದ ಗಟ್ಟಿ ಕೆಲಸಕ್ಕೆ.

ವಜ್ರ ಈ ನಾಡಿಗೆ ಹೊಸದಲ್ಲ. 18ನೇ ಶತಮಾನದ ಮೊದಲ ಭಾಗದಲ್ಲಿ ಬ್ರೆಜಿಲಿನಲ್ಲಿ ಗಣಿ ಸಿಗುವ ತನಕ ಜಗತ್ತಿನ ಪೇಟೆಗೆ ಬರುತ್ತಿದ್ದ ವಜ್ರ ಬಹುಮಟ್ಟಿಗೆ ಭಾರತದ್ದೇ. ಕೃಷ್ಣಾ ದಂಡೆಯ ಕೊಲ್ಲೂರು ಅದರ ದೊಡ್ಡ ಗಣಿ. ಅದು ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು. ಇತ್ತ ರಾಯಲಸೀಮೆಯ ವಜ್ರಕರೂರು. ವಿಜಯನಗರದ ರಾಜ್ಯದಲ್ಲಿ ಸಿಕ್ಕ ವಜ್ರಗಳಲ್ಲಿ ಒಂದು ತೂಕಕ್ಕಿಂತ ದೊಡ್ಡವೆಲ್ಲ ಅರಸನ ಬೊಕ್ಕಸಕ್ಕೇ ಸೇರಬೇಕಿತ್ತು ಎಂದು 16ನೇ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಆ ರಾಜ್ಯಕ್ಕೆ ಕುದುರೆ ಬಂದಿಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು. ಆದರೆ ಅದೆಲ್ಲ ಅರಮನೆಯ, ಸಿರಿವಂತ ವರ್ತಕರ ವಜ್ರ. ಮನೆಗಳಿಗೆ ಬಂದಾಗಲೂ ಅದು ಕಿವಿಯ ಓಲೆಯಾಗಿ, ಮೂಗುಬೊಟ್ಟಾಗಿ ಬಂತು. ಹೊನ್ನಾವರದ ಕಡೆಯ ಕ್ರೈಸ್ತ ಮನೆಗಳಲ್ಲಿ ಮದುವೆಗೆ ಉಂಗುರ ತೊಡಿಸುವ ಪದ್ಧತಿ ಹಳೆಯದೇ, ಅಲ್ಲೂ ಅದು ಹೆಚ್ಚಾಗಿ ಹರಳಿಲ್ಲದ ಚಿನ್ನದ ಬಳೆಯುಂಗುರ.

ನಿಶ್ಚಿತಾರ್ಥಕ್ಕೆ ವಜ್ರದ್ದೇ ಉಂಗುರ ಆಗಬೇಕೆಂಬ ನಂಬಿಕೆ ಹುಟ್ಟಿದ್ದು ಬೇರೆಡೆ. 1870ರ ದಶಕದಿಂದ ದಕ್ಷಿಣ ಆಫ್ರಿಕದ ಗಣಿಗಳಿಂದ ವಜ್ರ ರಾಶಿರಾಶಿಯಾಗಿ ಬರತೊಡಗಿತು. ಬೆಲೆ ಬೀಳದಂತೆ ಹಿಡಿದಿಟ್ಟ ಡಿ ಬಿಯರ್ಸ್ ಕಂಪನಿಗೆ ಕೊಳ್ಳುವವರೂ ಬೇಕಾಗಿದ್ದರು. ಆ ಕಂಪನಿಗಾಗಿ ಅಮೆರಿಕದ ಎನ್. ಡಬ್ಲ್ಯೂ. ಏಯರ್ ಜಾಹೀರಾತು ಸಂಸ್ಥೆಯ ಫ್ರಾನ್ಸಿಸ್ ಗೆರೆಟಿ 1947ರಲ್ಲಿ ಬರೆದ ಘೋಷವಾಕ್ಯ ವಜ್ರವನ್ನೂ ಶಾಶ್ವತ ಪ್ರೇಮವನ್ನೂ ಒಂದಕ್ಕೊಂದು ಬೆಸೆಯಿತು. ಮುಂದೆ ಅದೇ ಮಾತು ಹಿಂದಿಯಲ್ಲಿ ನಮ್ಮ ಟಿವಿಗೂ ಬಂತು. ಉಂಗುರಕ್ಕೆ ಇಷ್ಟು ತಿಂಗಳ ಸಂಬಳ ಹಾಕಬೇಕು ಎಂಬ ಅಳತೆಯೂ ಇಂಥದೇ ಜಾಹೀರಾತುಗಳ ಕೊಡುಗೆ. ಈ ಅಳತೆಯನ್ನು ನಾವು ಮುಲಾಜಿಲ್ಲದೆ ಕೈಬಿಡಬೇಕು. ಮದುವೆ ಖರ್ಚು ಮುಂದಿರುವಾಗ ಉಂಗುರಕ್ಕಾಗಿ ಸಾಲ ಮಾಡಿಸುವ ಪದ್ಧತಿ ಯಾವ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಹಾಗಾದರೆ ಅಳತೆ ಯಾವುದು? ಮೊದಲನೆಯದು, ತೊಡುವ ಕೈ. ನಮ್ಮ ಕಡೆಯ ಹೆಣ್ಣುಮಕ್ಕಳ ಕೈ ಒಂದೇ ದಿನದಲ್ಲಿ ಕಾಯಿ ತುರಿಯುತ್ತದೆ, ಬಂಗುಡೆ ಕೊಯ್ಯುತ್ತದೆ, ಬಟ್ಟೆ ಹಿಂಡುತ್ತದೆ, ಸ್ಕೂಟಿ ಓಡಿಸುತ್ತದೆ, ಕಂಪ್ಯೂಟರಿನ ಮುಂದೆ ಕೂರುತ್ತದೆ. ಅಂಗಡಿಯ ದೀಪದಡಿ ಸೊಗಸಾಗಿ ಕಾಣುವ, ಎತ್ತರದ ಕಾಲುಗಳ ಮೇಲೆ ಹರಳನ್ನು ಎತ್ತಿ ನಿಲ್ಲಿಸಿದ ಉಂಗುರ ಈ ಕೈಗೆ ಹೊಂದುವುದಿಲ್ಲ. ಅದರ ಸಂದಿಯಲ್ಲಿ ಮಸಾಲೆ ಕೂರುತ್ತದೆ, ಕಾಲುಗಳಿಗೆ ಸೀರೆಯ ನೂಲು ಸಿಕ್ಕುತ್ತದೆ, ಎಳೆದು ಎಳೆದು ಒಂದು ಕಾಲು ಸಡಿಲವಾದರೆ ಹರಳೇ ಉದುರುತ್ತದೆ. ವಜ್ರದ ಮೇಲೆ ಸುಲಭಕ್ಕೆ ಗೀರು ಬೀಳುವುದಿಲ್ಲ ನಿಜ. ಆದರೆ ಅದಕ್ಕೆ ಒಡೆಯುವ ಪದರಗಳಿವೆ, ಒರಳುಕಲ್ಲಿಗೋ ಬಾವಿಕಟ್ಟೆಗೋ ಸರಿಯಾದ ಕೋನದಲ್ಲಿ ತಾಗಿದರೆ ಅಂಚು ಚಕ್ಕೆ ಏಳಬಹುದು. ಹಳೆಯ ಮೂಗುಬೊಟ್ಟುಗಳಲ್ಲಿ ಹರಳಿನ ಸುತ್ತ ಚಿನ್ನದ ಅಂಚು ಮಡಚಿ ಕೂರಿಸುತ್ತಿದ್ದರು. ಈಗ ಅದನ್ನೇ ಬೆಜೆಲ್ ಎಂದು ಮಾರುತ್ತಾರೆ. ದಿನಬಳಕೆಗೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಅದು ಬೇಡವೆನಿಸಿದರೆ, ಬೆರಳಿಗೆ ತಗ್ಗಿ ಕೂತ ಆರು ಕಾಲಿನ ಉಂಗುರ ಆಗಬಹುದು.

ತೆಂಗಿನೆಣ್ಣೆಯ ಅಡುಗೆಮನೆಯಲ್ಲಿ ಓಡಾಡುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಬಿಡದೆ ಅಂಟುತ್ತದೆ. ಗಣಿಗಳಲ್ಲಿ ಗ್ರೀಸು ಬಳಿದ ಮೇಜಿನ ಮೇಲೆ ಕಲ್ಲುಪುಡಿ ಕಲಸಿದ ನೀರು ಹರಿಸಿ ವಜ್ರವನ್ನು ಹಿಡಿಯುತ್ತಿದ್ದದ್ದು ಈ ಗುಣದಿಂದಲೇ. ಬೆರಳಿಗೆ ಬಂದ ಮೇಲೂ ಆ ಗುಣ ಹೋಗುವುದಿಲ್ಲ. ಒಂದು ವಾರದ ಒಗ್ಗರಣೆ ಸಾಕು, ಹರಳು ಮಂಕಾಗುತ್ತದೆ. ಜನ ಆಗ ಹರಳೇ ಸುಳ್ಳೆಂದು ಅನುಮಾನಿಸುತ್ತಾರೆ. ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ, ಹತ್ತು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹರಳಿನ ಹಿಂಬದಿಯನ್ನು ಉಜ್ಜಿದರೆ ಹೊಳಪು ತಿರುಗಿ ಬರುತ್ತದೆ. ಹಿಂಬದಿ ಮುಖ್ಯ, ಏಕೆಂದರೆ ಒಳಹೊಕ್ಕ ಬೆಳಕನ್ನು ಮೇಲಕ್ಕೆ ತಿರುಗಿಸುವುದು ಅಲ್ಲಿನ ಮುಖಗಳೇ. ಉಜ್ಜುವಾಗ ಮೋರಿಯ ಬಾಯಿ ಮುಚ್ಚಿರಲಿ.

ಎರಡನೆಯ ಅಳತೆ ಬೆಳಕು. ಅಂಗಡಿಯಲ್ಲಿ ನಾಲ್ಕು ಗುಣ ಹೇಳುತ್ತಾರೆ: ತೂಕ, ಬಣ್ಣ, ಶುದ್ಧತೆ, ಕಟ್ (ಅಂದರೆ ಸಾಣೆ). ನಮ್ಮವರು ಮೊದಲು ಕೇಳುವುದು ತೂಕ, ಕೊನೆಗೆ ಕೇಳುವುದು ಕಟ್. ಇದು ತಿರುಗಬೇಕು. ವಜ್ರದ ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದನ್ನು 100 ಸೆಂಟ್ಸ್ ಎಂದು ಎಣಿಸುತ್ತಾರೆ. ದುಂಡನೆಯ 25 ಸೆಂಟ್ಸ್ ಹರಳಿನ ಅಗಲ ಸುಮಾರು 4.1 ಮಿಲಿಮೀಟರ್, 50 ಸೆಂಟ್ಸಿನದು ಸುಮಾರು 5.1. ತೂಕ ಎರಡು ಪಟ್ಟಾದರೂ ಕಣ್ಣಿಗೆ ಹೆಚ್ಚುವುದು ಒಂದೇ ಮಿಲಿಮೀಟರ್, ಬೆಲೆ ಮಾತ್ರ ಎರಡು ಪಟ್ಟಿಗೂ ಮೇಲೆ ಹಾರುತ್ತದೆ. 50, 100 ಎಂಬ ದುಂಡು ಸಂಖ್ಯೆಗಳಲ್ಲಿ ಬೆಲೆ ಒಂದು ಮೆಟ್ಟಿಲು ಏರುವುದರಿಂದ 45 ಸೆಂಟ್ಸಿನ ಹರಳು ಕೊಂಡವನಿಗೆ ಕಣ್ಣಿಗೆ ಏನೂ ನಷ್ಟವಿಲ್ಲ, ಜೇಬಿಗೆ ಲಾಭವಿದೆ. ಶುದ್ಧತೆಯಲ್ಲಿ ವಿವಿಎಸ್ ಎಂಬ ಮೇಲಿನ ದರ್ಜೆಗೆ ದುಡ್ಡು ಸುರಿಯುವುದು ವ್ಯರ್ಥ. ವಿಎಸ್ ದರ್ಜೆಯ ಕಲೆಗಳು, ಆರಿಸಿ ತಂದರೆ ಎಸ್‌ಐ1ರ ಕಲೆಗಳು ಕೂಡ, ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ. ಬಣ್ಣದಲ್ಲಿಯೂ ಹಳದಿ ಚಿನ್ನಕ್ಕೆ ಐ, ಜೆ ದರ್ಜೆ ಚೆನ್ನಾಗಿಯೇ ಒಪ್ಪುತ್ತದೆ, ಸಣ್ಣ ಹಳದಿ ಛಾಯೆ ಚಿನ್ನದೊಳಗೆ ಕರಗಿಹೋಗುತ್ತದೆ. ಇವೆರಡರಲ್ಲಿ ಉಳಿದ ದುಡ್ಡನ್ನು ಕಟ್‌ಗೆ ಹಾಕಿ. ಸಾಣೆ ಕೆಟ್ಟ ಹರಳು ಎಷ್ಟು ದೊಡ್ಡದಿದ್ದರೂ ನಡುವೆ ಸತ್ತಂತೆ ಕಾಣುತ್ತದೆ. ಅಂಗಡಿಯ ಸ್ಪಾಟ್‌ಲೈಟಿನಲ್ಲಿ ಗಾಜೂ ಹೊಳೆಯುತ್ತದೆ. ಉಂಗುರವನ್ನು ಬಾಗಿಲ ಬಳಿ ಹಗಲ ಬೆಳಕಿಗೆ ಒಯ್ದು, ಕೈಯ ನೆರಳಲ್ಲಿ ಹಿಡಿದು ನೋಡಿ. ಅಲ್ಲಿಯೂ ಮಿನುಗಿದರೆ ಅದು ಒಳ್ಳೆಯ ಸಾಣೆ.

ಈ ಎರಡು ಅಳತೆಗಳಿಂದ ಪೇಟೆಯ ಸರಕನ್ನು ನೋಡೋಣ. ಅತಿ ಹೆಚ್ಚು ಮಾರಾಟವಾಗುವುದು ಗೊಂಚಲು ಉಂಗುರ: ಮೂರು ಸೆಂಟ್ಸಿನ ಏಳು ಹರಳು ಒತ್ತೊತ್ತಾಗಿ ಕೂರಿಸಿ, ದೂರದಿಂದ ಒಂದೇ ದೊಡ್ಡ ವಜ್ರದಂತೆ ಕಾಣಿಸುವುದು. ಬಿಲ್ಲಿನಲ್ಲಿ 21 ಸೆಂಟ್ಸ್ ಎಂದಿರುತ್ತದೆ. ಆದರೆ ಏಳು ಚೂರುಗಳ 21 ಸೆಂಟ್ಸಿಗೂ ಒಂದೇ ಹರಳಿನ 21 ಸೆಂಟ್ಸಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ಚೂರುಗಳ ಗುಣವನ್ನು ಒಂದೊಂದಾಗಿ ಯಾರೂ ಪರೀಕ್ಷಿಸಿರುವುದಿಲ್ಲ, ಒಟ್ಟಿಗೆ ಒಂದು ದರ್ಜೆ ಬರೆದಿರುತ್ತಾರೆ. ಇಂಥ ಉಂಗುರಗಳಲ್ಲಿ ಹಲವನ್ನು ಬೆರಳು ದಪ್ಪವಾದಾಗ ಹಿಗ್ಗಿಸುವುದು ಕಷ್ಟ, ಒಂದು ಹರಳು ಬಿದ್ದರೆ ಉಳಿದ ಆರೂ ಸಡಿಲಗೊಂಡಿರಬಹುದೆಂಬ ಭಯ. ಕಣ್ಣಿಗೆ ಹಬ್ಬವಾದರೂ ದಿನಬಳಕೆಯ ಒಡವೆಯಾಗಿ ಇದು ಸೋಲುತ್ತದೆ. ಇದರ ಬದಲಿಗೆ 15ರಿಂದ 25 ಸೆಂಟ್ಸಿನ ಒಂದೇ ಹರಳು, ಕೆಳಗಿನ ಬಳೆ ಬರಿ ಚಿನ್ನದ್ದು, ಎಂಬಂಥ ಉಂಗುರವನ್ನು ಆರಿಸಿದರೆ ಮುಂದೆ ಕುಮಟಾ ಪೇಟೆಯ ಯಾವ ಸೊನಗಾರನೂ ಅದನ್ನು ಹಿಗ್ಗಿಸಿ ಕುಗ್ಗಿಸಿ ಕೊಡಬಲ್ಲ.

ಪೇಟೆಯ ಮೂರನೆಯ ಸರಕು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ಇದನ್ನು ನಕಲಿ ಎನ್ನುವುದು ತಪ್ಪು. ಅಮೆರಿಕನ್ ಡೈಮಂಡ್ ಎಂದು ಮಾರುವುದು ಜಿರ್ಕೋನಿಯಾ, ಅದು ವಜ್ರವಲ್ಲ. ಮೊಯ್ಸನೈಟ್ ಕೂಡ ಬೇರೆಯೇ ವಸ್ತು. ಬೆಳೆಸಿದ ವಜ್ರವಾದರೋ ಗಣಿಯದರಂತೆಯೇ ಶುದ್ಧ ಇಂಗಾಲ, ಅದೇ ಗಡಸುತನ, ಅದೇ ಹೊಳಪು. ಜನರಲ್ ಎಲೆಕ್ಟ್ರಿಕ್ ಕಂಪನಿ 1954ರಲ್ಲಿ ಇದನ್ನು ಸಾಧಿಸಿತು. ಇಂದು ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತಕ್ಕೆ ಸಾಣೆ ಹಿಡಿಯುವ ಸೂರತ್ ಇದನ್ನು ಬೆಳೆಸುವ ಊರೂ ಆಗಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದರ ಬೀಜಹರಳಿನ ಮೇಲಿನ ಆಮದು ಸುಂಕವನ್ನು ತೆಗೆದರು. ಅದೇ ವರ್ಷ ಪ್ರಧಾನಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಅಂದಿನ ಅಧ್ಯಕ್ಷರ ಪತ್ನಿಗೆ ಕೊಟ್ಟದ್ದು 7.5 ಕ್ಯಾರೆಟ್ಟಿನ ಬೆಳೆಸಿದ ವಜ್ರ. ಬೆಲೆ ಗಣಿ ವಜ್ರದ ಒಂದು ಸಣ್ಣ ಪಾಲು. ಹೀಗಾಗಿ ಕಡಿಮೆ ದುಡ್ಡಿನವರಿಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಆದರೆ ಎರಡು ಮಾತು. ಅಗ್ಗವೆಂದು ಎರಡು ಕ್ಯಾರೆಟ್ಟಿಗೆ ಹಾರಬೇಡಿ, 50 ಸೆಂಟ್ಸಿನದು ತೊಟ್ಟು ಉಳಿದದ್ದನ್ನು ಬೇರೆ ಚಿನ್ನಕ್ಕೆ ಹಾಕಿ. ಮತ್ತೆ, ಇದು ಬೆಳೆಸಿದ್ದು ಎಂದು ಎರಡೂ ಮನೆಯವರ ಮುಂದೆ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು ತೊಡಿಸಿದ ಉಂಗುರ ಮುಂದೊಂದು ದಿನ ಬೀಗರ ನಡುವೆ ಮಾತಿಗೆ ಕಾರಣವಾಗುತ್ತದೆ. ಬರಿಗಣ್ಣಿಗೂ ಅಂಗಡಿಯ ಸಾಮಾನ್ಯ ಟೆಸ್ಟರಿಗೂ ಎರಡರ ಭೇದ ತಿಳಿಯುವುದಿಲ್ಲವಾದ್ದರಿಂದ, ಗಣಿಯದೆಂದು ದುಡ್ಡು ಕೊಡುವವರು ಜಿಐಎ ಅಥವಾ ಐಜಿಐ ಎಂಬ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಕೇಳಲೇಬೇಕು. ಹರಳಿನ ನಡುಪಟ್ಟಿಯ ಮೇಲೆ ಲೇಸರಿನಿಂದ ಸಂಖ್ಯೆ ಕೆತ್ತಿದ್ದರೆ ಅದು ಪತ್ರದ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಭೂತಗನ್ನಡಿಯಲ್ಲಿ ಓದಿ ನೋಡಬೇಕು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಮನೆಯಲ್ಲೇ ಇರುವ ಹಳೆಯ ಹರಳು. ಅಜ್ಜಿಯ ಒಂಟಿಯಾಗಿ ಉಳಿದ ಓಲೆಯಲ್ಲೋ ಮೂಗುಬೊಟ್ಟಿನಲ್ಲೋ ಇರುವ ವಜ್ರ ಸಾಮಾನ್ಯವಾಗಿ ಸವೆದಿರುವುದಿಲ್ಲ. ಅದನ್ನು ಪರೀಕ್ಷೆ ಮಾಡಿಸಿ, ತೂಕವನ್ನೂ ಅಂಚಿನ ಗುರುತುಗಳನ್ನೂ ಬರೆಸಿಕೊಂಡು, ಸೊನಗಾರನಿಂದ ಹೊಸ ಉಂಗುರದಲ್ಲಿ ಕೂರಿಸಿದರೆ ಖರ್ಚು ಚಿನ್ನ ಮತ್ತು ಮಜೂರಿಯದು ಮಾತ್ರ. ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಅರ್ಥಪೂರ್ಣ ಉಂಗುರ ಇರಲಾರದು. ಹೊನ್ನಾವರದ ಕರ್ಕಿಯಲ್ಲಿ ತಮ್ಮ ಮಠವಿರುವ ದೈವಜ್ಞರ ಕಸುಬು ನಮ್ಮ ಜಿಲ್ಲೆಯಲ್ಲಿ ಇನ್ನೂ ಜೀವಂತವಾಗಿದೆ. ಆ ಕೈಗಳಿಗೆ ಕೆಲಸ ಕೊಡುವುದೂ ಒಂದು ಲಾಭವೇ.

ಉಳಿದದ್ದು ಲೆಕ್ಕ. ಹಿರಿಯರು 916, ಅಂದರೆ 22 ಕ್ಯಾರೆಟ್, ಚಿನ್ನವೇ ಬೇಕೆನ್ನುತ್ತಾರೆ. ಕರಿಮಣಿಗೆ, ಬಳೆಗೆ ಅದು ಸರಿ. ಆದರೆ 22 ಕ್ಯಾರೆಟ್ ಚಿನ್ನ ಮೆತ್ತಗೆ, ಹರಳಿನ ಕಾಲು ಬಾಗುತ್ತದೆ. 18 ಕ್ಯಾರೆಟ್, ಅಂದರೆ ನೂರಕ್ಕೆ 75 ಪಾಲು ಚಿನ್ನ, ವಜ್ರಕ್ಕೆ ತಕ್ಕದ್ದು. ಬಿಳಿ ಚಿನ್ನದ ಹೊಳಪು ರೋಡಿಯಂ ಲೇಪದ್ದು, ಅದು ಸವೆದು ಮತ್ತೆ ಮತ್ತೆ ಲೇಪಿಸಬೇಕಾಗುತ್ತದೆ, ಹಾಗಾಗಿ ಹಳದಿಯೇ ಮಿತವ್ಯಯ. ಹತ್ತು ಗ್ರಾಂ ಚಿನ್ನ 2025ರಲ್ಲಿ ಲಕ್ಷ ದಾಟಿದ ಮೇಲೆ ಮೂರು ಗ್ರಾಮಿನ ಉಂಗುರದ ಚಿನ್ನವೇ ಬಜೆಟ್ಟಿನ ದೊಡ್ಡ ಪಾಲನ್ನು ನುಂಗುತ್ತದೆ. ಹಾಲ್‌ಮಾರ್ಕಿನಲ್ಲಿ ಬಿಐಎಸ್ ಗುರುತು, 18ಕೆ750, ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಕಡ್ಡಾಯ, ಬಿಐಎಸ್ ಕೇರ್ ಆ್ಯಪಿನಲ್ಲಿ ಅಂಗಡಿಯಲ್ಲೇ ಪರಿಶೀಲಿಸಬಹುದು. ಎರಡು ಗ್ರಾಮಿಗಿಂತ ಹಗುರ ಒಡವೆಗೆ ಈ ಕಡ್ಡಾಯ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು. ಹಗುರ ಉಂಗುರ ಕೊಳ್ಳುವವರೇ ಹೆಚ್ಚು ಎಚ್ಚರವಾಗಿರಬೇಕು. ಹಾಲ್‌ಮಾರ್ಕು ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ, ಹರಳಿಗೆ ಅದು ಸಾಕ್ಷಿಯಲ್ಲ. ಬಿಲ್ಲಿನಲ್ಲಿ ನಿವ್ವಳ ಚಿನ್ನದ ತೂಕ, ಹರಳಿನ ತೂಕ ಮತ್ತು ದರ್ಜೆ, ಮಜೂರಿ, 3% ಜಿಎಸ್‌ಟಿ ಬೇರೆಬೇರೆಯಾಗಿ ಬರೆದಿರಲಿ. ವಾಪಸು ತಂದರೆ ಹರಳಿಗೆ ಎಷ್ಟು ಕೊಡುತ್ತೀರೆಂದು ಕೇಳಿ ಅದನ್ನೂ ಬರೆಸಿಕೊಳ್ಳಿ.

ಏಕೆಂದರೆ ಕರಾವಳಿಯ ಮನೆಗಳಲ್ಲಿ ಚಿನ್ನ ಕಷ್ಟಕಾಲದ ಆಸರೆ. ಮಳೆಗಾಲದಲ್ಲಿ ದೋಣಿ ದಡದಲ್ಲಿ ನಿಂತಾಗ, ಆಸ್ಪತ್ರೆಯ ಖರ್ಚು ಬಂದಾಗ, ಒಡವೆ ಸೊಸೈಟಿಗೆ ಹೋಗುತ್ತದೆ. ಅಲ್ಲಿ ತೂಗುವವನು ಹರಳಿನ ತೂಕ ಕಳೆದು ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಾನೆ. ಸಾಲದ ನಿಯಮವೇ ಹಾಗಿದೆ. ವಜ್ರವನ್ನು ಉಳಿತಾಯವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಉಳಿತಾಯಕ್ಕೆ ಚಿನ್ನ ಕೊಳ್ಳಿ. ವಜ್ರವನ್ನು ತೊಡುವ ಸಂತೋಷಕ್ಕೆ, ಅಷ್ಟಕ್ಕೇ, ಕೊಳ್ಳಿ. ಆ ಸಂತೋಷಕ್ಕೆ ಎಷ್ಟು ದುಡ್ಡು ಎಂಬುದನ್ನು ಹುಡುಗ ಹುಡುಗಿ ಇಬ್ಬರೂ ಕೂತು ಮೊದಲೇ ನಿಗದಿ ಮಾಡಿಕೊಂಡು, ಇಬ್ಬರೂ ಕೂಡಿಯೇ ಅಂಗಡಿಗೆ ಹೋಗಲಿ. ತಗ್ಗಿ ಕೂತ, ಒಂದೇ ಹರಳಿನ, ಹಳದಿ ಚಿನ್ನದ ಉಂಗುರ ಬಾಡದಿಂದ ಭಟ್ಕಳದವರೆಗೆ ಯಾವ ಕೆಲಸದ ಕೈಗೂ ಒಪ್ಪುತ್ತದೆ. ಲಾಕರಿನಲ್ಲಿಟ್ಟು ಮದುವೆಗೊಮ್ಮೆ ತೆಗೆಯುವ ದೊಡ್ಡ ಗೊಂಚಲಿಗಿಂತ ದಿನವೂ ಬೆರಳಲ್ಲಿರುವ ಈ ಸಣ್ಣ ಉಂಗುರವೇ ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸುತ್ತದೆ.